ಇಳಕಲ್ ಗ್ರಾನೈಟ್‌ನ ಯುರೇನಿಯಂ, ಆಸ್ಪತ್ರೆಯ ಟೆಕ್ನೀಷಿಯಂ: ಯಾವುದು ನೈಸರ್ಗಿಕ?

ಇಳಕಲ್ ಗ್ರಾನೈಟ್‌ನಲ್ಲಿರುವ ಚೂರುಪಾರು ಯುರೇನಿಯಂ ನೈಸರ್ಗಿಕ, ಯಾರೂ ಸೇರಿಸಿದ್ದಲ್ಲ. ಅದರಂತೆಯೇ ವಿಕಿರಣ ಸೂಸುವ ಇನ್ನೊಂದು ಧಾತು, ಆಸ್ಪತ್ರೆಯ ಸ್ಕ್ಯಾನ್‌ಗೆ ಬಳಸುವ ಟೆಕ್ನೀಷಿಯಂ, ಮನುಷ್ಯ ತಯಾರಿಸಿದ್ದು.

ಗುಟ್ಟು ಇರುವುದು ಅರ್ಧಾಯುಷ್ಯದಲ್ಲಿ. ಅಂದರೆ, ಇದ್ದದ್ದರಲ್ಲಿ ಅರ್ಧದಷ್ಟು ಬೇರೆ ಧಾತುವಾಗಿ ಬದಲಾಗಲು ಹಿಡಿಯುವ ಕಾಲ. ಯುರೇನಿಯಂನ ಮುಖ್ಯ ಬಗೆಯಾದ ಯುರೇನಿಯಂ-238ಕ್ಕೆ ಅದು ಸುಮಾರು 450 ಕೋಟಿ ವರ್ಷ. ಭೂಮಿಯ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ ಅಲ್ವಾ? ಹಾಗಾಗಿ ಮೊದಲಿದ್ದದ್ದರಲ್ಲಿ ಅರ್ಧ ಇನ್ನೂ ಉಳಿದಿದೆ. ಟೆಕ್ನೀಷಿಯಂನಲ್ಲಿ ಜಾಸ್ತಿ ಬಾಳುವ ಬಗೆಗೂ ಅದು ಸುಮಾರು 42 ಲಕ್ಷ ವರ್ಷ ಮಾತ್ರ. ಭೂಮಿ ಹುಟ್ಟಿದಾಗ ಇದ್ದದ್ದೆಲ್ಲ ಎಂದೋ ಮುಗಿದುಹೋಗಿದೆ. 1937ರಲ್ಲಿ ವಿಜ್ಞಾನಿಗಳಿಗೆ ಅದು ಸಿಕ್ಕಿದ್ದೂ ಕೃತಕವಾಗಿ ತಯಾರಾದ ಮೇಲೆಯೇ.

ಆದರೆ ನೈಸರ್ಗಿಕ, ಕೃತಕ ಎಂಬ ಗೆರೆ ಅಷ್ಟು ನೇರ ಇಲ್ಲ. ಪ್ಲುಟೋನಿಯಂ ಎಂಬ ಧಾತುವನ್ನು ಅಣು ರಿಯಾಕ್ಟರಿನಲ್ಲಿ ತಯಾರಾಗುವ ಸರಕು ಅಂತೀವಿ, ಆದರೂ ಯುರೇನಿಯಂ ಅದಿರಿನೊಳಗೆ ಅದು ಒಂದು ಚಿಟಿಕೆಗಿಂತಲೂ ಎಷ್ಟೋ ಕಡಿಮೆ, ತಾನಾಗೇ ಹುಟ್ಟುತ್ತಿರುತ್ತದೆ.