ಹಳೇ ಹೆಂಚಿನ ಮನೆ: ಒಲೆ ಕೀಳುವ ಮೊದಲು

ಕೊಪ್ಪದ ಹತ್ತಿರ ಅಜ್ಜನ ಕಾಲದ ಮಣ್ಣುಗೋಡೆಯ ಹೆಂಚಿನ ಮನೆ ಇದೆ, ಒಲೆ ಕಿತ್ತು ಮಾಡ್ಯುಲರ್ ಕಿಚನ್ ಮಾಡಿಸಬೇಕು, ಆದರೆ ಹಳೇ ಕಳೆ ಹೋಗಬಾರದು ಎಂದು ಕೇಳಿದ್ದೀರಿ.

ಮೊದಲು ಒಲೆ ಕೀಳುವುದನ್ನು ನಿಲ್ಲಿಸಿ. ಉಳಿದಿದ್ದೆಲ್ಲ ಆಮೇಲೆ ನೋಡೋಣ.

ನಮ್ಮ ಮನೆ ಮೂಡಿಗೆರೆ ಕಡೆ. ನಾವು ಒಲೆ ಕಿತ್ತು ಪೂರ್ತಿ ಗ್ಯಾಸಿಗೆ ಬಂದೆವು. ಮೂರನೇ ವರ್ಷ ಬೆಳಿಗ್ಗೆ ಎದ್ದರೆ ಅಡುಗೆ ಕಟ್ಟೆ ಮೇಲೆ ಹಿಟ್ಟಿನ ಹಾಗೆ ಏನೋ ಉದುರಿರುತ್ತಿತ್ತು. ಮೇಲೆ ನೋಡಿದರೆ ಪಕಾಸಿಗೆ, ಅಂದರೆ ಹೆಂಚು ಹೊರುವ ಮಾಡಿನ ಮರಕ್ಕೆ, ಕುಟ್ಟೆ ಹುಳ ಹಿಡಿದಿದೆ! ಅಷ್ಟು ವರ್ಷ ಆ ಮರವನ್ನು ಕಾಯ್ದಿದ್ದು ಹೊಗೆ. ಮಳೆಗಾಲದಲ್ಲಿ ಅಟ್ಟದ ಥಂಡಿ ಆರಿಸುತ್ತಿದ್ದದ್ದೂ ಒಲೆಯ ಬಿಸಿಯೇ. ಅದು ನಿಂತ ಮೇಲೆ ಅಟ್ಟದ ಮೇಲಿನ ಬೀಜದ ಬುಟ್ಟಿಗೂ ಬೂಷ್ಟು ಬಂತು. ನಾಲ್ಕು ಪಕಾಸಿ ಬದಲಿಸಿ, ಮೂಲೆಯಲ್ಲಿ ಸಣ್ಣ ಒಲೆ ಮತ್ತೆ ಕಟ್ಟಿಸಿದೆವು.

ಹಾಗಂತ ಹೊಗೆಯಲ್ಲಿ ಕೂತು ಅಡುಗೆ ಮಾಡಿ ಅಂತಲ್ಲ. ನಮ್ಮಮ್ಮನ ಕೆಮ್ಮು ನೋಡಿದವನು ನಾನು, ಹಾಗೆ ಹೇಳಲಾರೆ. ಅಡುಗೆ ಗ್ಯಾಸಿನಲ್ಲೇ ಆಗಲಿ. ಸಂಜೆ ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಒಲೆಗೆ ಸ್ವಲ್ಪ ಬೆಂಕಿ ಹಾಕಿ, ಆಗಾಗ ಬಂದು ನೋಡುತ್ತಿದ್ದರೆ ಸಾಕು. ಹೊಗೆ ಕೊಳವೆ ಇರುವ ಸುಧಾರಿತ ಸೌದೆ ಒಲೆ, ಅಸ್ತ್ರ ಒಲೆ ಅಂತಾರಲ್ಲ, ಅದು ಒಳ್ಳೆಯದೇ, ಆದರೆ ಅದರ ಕೊಳವೆ ಹೊಗೆಯನ್ನೆಲ್ಲ ಹೊರಗೆ ಒಯ್ಯುತ್ತದೆ. ಮಾಡಿನ ಮರಕ್ಕೆ ಏನೂ ಸಿಗುವುದಿಲ್ಲ.

ಒಂದೇ ಕೋಣೆಯಲ್ಲಿ ಗ್ಯಾಸು, ಒಲೆ ಎರಡೂ ಇದ್ದರೆ ಸಿಲಿಂಡರ್ ಹೊರಗೋಡೆಯ ಆಚೆ ಇರಲೇಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡುತ್ತದೆ, ನಿಮ್ಮ ಒಲೆಯ ಬೆಂಕಿಯೂ ನೆಲದಲ್ಲೇ ಇರುತ್ತದೆ. ನೆಲದ ಮಟ್ಟದಲ್ಲಿ ಒಂದು ಗಾಳಿಕಿಂಡಿ ಬಿಡಿಸಿ. ಬೆಂಕಿ ಹಾಕುವ ಮುಂಚೆ ಗ್ಯಾಸಿನ ವಾಲ್ವ್ ಬಂದ್ ಮಾಡಿ.

ಇನ್ನು ಗೋಡೆ. ಮಣ್ಣುಗೋಡೆಗೆ ಸಿಮೆಂಟ್ ಬಳಿಯಲು ಬಿಡಬೇಡಿ. ಕೆಲಸದವರು "ಗಟ್ಟಿ ಇರುತ್ತೆ ಸಾರ್" ಅಂತಲೇ ಹೇಳುತ್ತಾರೆ. ಮಣ್ಣು ಮಳೆಗಾಲದಲ್ಲಿ ನೀರು ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಸಿಮೆಂಟ್ ಆ ನೀರನ್ನು ಒಳಗೇ ಕಟ್ಟಿಹಾಕುತ್ತದೆ. ನಮ್ಮ ಸಿಂಕಿನ ಹಿಂದಿನ ಗೋಡೆ ಎರಡೇ ಮಳೆಗಾಲಕ್ಕೆ ಉಬ್ಬಿ, ಹಲಗೆಯ ಹಾಗೆ ಕಳಚಿ ಬಿತ್ತು. ಸುಣ್ಣದ ಗಾರೆ ಮಾಡಿಸಿ. ಸಿಂಕಿಗೆ ಗೋಡೆಯಿಂದ ಸ್ವಲ್ಪ ಬಿಟ್ಟು ಬೇರೆ ಇಟ್ಟಿಗೆ ಕಟ್ಟೆ ಕಟ್ಟಿಸಿ.

ಕೆಂಪು ನೆಲ ಬಿರುಕು ಬಿಟ್ಟಿದ್ದರೂ ಟೈಲ್ಸ್ ಬೇಡ. ಬಿರುಕು ತುಂಬಿಸಿ, ಕೊಬ್ಬರಿಎಣ್ಣೆ ಹಚ್ಚಿ ಬಟ್ಟೆಯಲ್ಲಿ ಉಜ್ಜುತ್ತಾ ಬನ್ನಿ, ಹೊಳಪು ಬರುತ್ತದೆ. ಬೆಳಕು ಸಾಲದಿದ್ದರೆ ನಾಲ್ಕೈದು ಗಾಜಿನ ಹೆಂಚು ಹಾಕಿಸಿ, ಅಡುಗೆಮನೆಯ ಮುಖವೇ ಬದಲಾಗುತ್ತದೆ. ತೆಗೆದ ಹೆಂಚನ್ನು ಎಸೆಯಬೇಡಿ. ಹಿಂಬದಿಯ ಅಚ್ಚು ನೋಡಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು, ಅವರ ಹೆಂಚೇ ನಿಮ್ಮ ಮಾಡಿನಲ್ಲಿದ್ದರೂ ಇರಬಹುದು.

ಮಾಡ್ಯುಲರ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಪಾರ್ಟಿಕಲ್ ಬೋರ್ಡ್ ನಮ್ಮ ಮಳೆಗೆ ರಸ್ಕಿನ ಹಾಗೆ ಉಬ್ಬುತ್ತದೆ. ಕಡಪ ಕಲ್ಲಿನ ಅಂಕಣಕ್ಕೆ ಹಳೇ ಹಲಸಿನ ಹಲಗೆಯ ಬಾಗಿಲು ಸಾಕು. ಒರಳುಕಲ್ಲು ಇದ್ದಲ್ಲೇ ಇರಲಿ.

ಕಾಫಿ ಕೊಯ್ಲು ಮುಗಿಯುವವರೆಗೆ ಕೆಲಸದವರು ಸಿಗುವುದು ಕಷ್ಟ, ಅಲ್ವಾ? ಫೆಬ್ರವರಿ ಕೊನೆಗೆ ಶುರು ಮಾಡಿ. ಸುಣ್ಣ ಒಣಗಲು ಸಮಯ ಬೇಕು, ಗಾರೆ ಕೆಲಸ ಏಪ್ರಿಲ್ ಒಳಗೆ ಮುಗಿಯಲಿ.