ಏರಿಯ ಹಿಂದಿನ ಮನೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಊರಿನ ನಟೋಮಸ್ ಭಾಗದಲ್ಲಿ ಮನೆ ಕೊಳ್ಳುತ್ತಿದ್ದೇವೆ. ‘ಲೆವೀ (ನದಿಯ ನೀರು ತಡೆಯುವ ಒಡ್ಡು) ಗಟ್ಟಿ ಮಾಡಿದ್ದಾರೆ, ಪ್ರವಾಹ ವಿಮೆ ದಂಡದ ಖರ್ಚು’ ಎನ್ನುತ್ತಾರೆ ಏಜೆಂಟ್. ವಿಮೆ ಇಲ್ಲದೆ ಸಾಲವೇ ಇಲ್ಲ ಎನ್ನುತ್ತದೆ ಬ್ಯಾಂಕು. ಯಾರ ಮಾತು ಕೇಳೋಣ?
– ಓದುಗ ದಂಪತಿ, ಸ್ಯಾಕ್ರಮೆಂಟೊ

ಬ್ಯಾಂಕಿನದು. ಏಜೆಂಟ್ ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ನಟೋಮಸ್ ಎಂದರೆ ಸುತ್ತಲೂ ಲೆವೀ ಕಟ್ಟಿಕೊಂಡ ತಗ್ಗು ಬಟ್ಟಲು. 2005ರ ಕತ್ರಿನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್‌ನ ಕೆಲವು ಕಾಲುವೆ ಗೋಡೆಗಳು ನೀರು ನೆತ್ತಿ ಮುಟ್ಟುವ ಮೊದಲೇ ಬುಡದ ಮಣ್ಣು ಜಾರಿ ಬಿದ್ದುಹೋದವು. ಆ ಮೇಲೆ ಅಮೆರಿಕದಲ್ಲಿ ಲೆವೀಯ ಎತ್ತರ ಮಾತ್ರವಲ್ಲ, ಅಡಿಯಿಂದ ನುಸುಳುವ ನೀರಿನ ಲೆಕ್ಕವೂ ಬಿಗಿಯಾಯಿತು. ನಟೋಮಸ್ ಲೆವೀಗಳು ಆ ಲೆಕ್ಕದಲ್ಲಿ ಪಾಸಾಗಲಿಲ್ಲ. 2006ರಲ್ಲಿ ಪ್ರಮಾಣೀಕರಣ ಹೋಯಿತು. 2008ರ ಡಿಸೆಂಬರ್‌ನಲ್ಲಿ ಅಮೆರಿಕ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಇಡೀ ಪ್ರದೇಶವನ್ನು ಅಪಾಯದ ವಲಯವೆಂದು ನಕಾಶೆಯಲ್ಲಿ ಗುರುತಿಸಿತು. ಹೊಸ ಮನೆ ಕಟ್ಟಬೇಕಾದರೆ ನೆಲಮಟ್ಟವನ್ನು ಪ್ರವಾಹದ ಮಟ್ಟಕ್ಕಿಂತ ಮೇಲೆ ಎತ್ತಬೇಕು, ಕೆಲವೆಡೆ ಇಪ್ಪತ್ತು ಅಡಿಯವರೆಗೂ. ಅಷ್ಟು ಎತ್ತರದ ಕಂಬದ ಮೇಲೆ ಯಾರು ಸಂಸಾರ ಹೂಡುತ್ತಾರೆ? ಬಡಾವಣೆಗಳ ಕೆಲಸವೇ ನಿಂತುಹೋಯಿತು. ದುರಸ್ತಿ ತಕ್ಕಷ್ಟು ಮುಂದುವರಿದ ಮೇಲೆ 2015ರ ಜೂನ್‌ನಲ್ಲಿ ‘ಎ99’ ಎಂಬ ವಲಯ ಕೊಟ್ಟರು. ಎತ್ತರದ ಷರತ್ತು ಬಿಟ್ಟುಹೋಯಿತು, ಮನೆಗಳು ಎದ್ದವು. ಆದರೆ ಎ99 ಕೂಡ ಅಪಾಯದ ವಲಯವೇ. ಕೇಂದ್ರದ ಬೆಂಬಲವಿರುವ ಸಾಲಕ್ಕೆ ಅಲ್ಲಿ ಪ್ರವಾಹ ವಿಮೆ ಕಡ್ಡಾಯ.

ಸಹಿ ಹಾಕುವ ಮುನ್ನ ಫೀಮಾದ ನಕಾಶೆ ತಾಣದಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ಎ99 ಇದ್ದರೆ ವಿಮೆ ಬೇಕೇ ಬೇಕು. ‘ನೆರಳಿನ ಎಕ್ಸ್’ ಎಂದಿದ್ದರೆ ಕಡ್ಡಾಯವಲ್ಲ, ಅಂದರೆ ಲೆವೀಗೆ ಮಾನ್ಯತೆ ಸಿಕ್ಕಿದೆ. ಆ ಮಾನ್ಯತೆಗೆ ಲೆವೀಯ ನೆತ್ತಿ, ಯಾವುದೇ ವರ್ಷ ಬರಲು ನೂರಕ್ಕೆ ಒಂದು ಸಾಧ್ಯತೆ ಇರುವ ಪ್ರವಾಹದ ಮಟ್ಟಕ್ಕಿಂತ 3 ಅಡಿ ಮೇಲಿರಬೇಕು, ಸೇತುವೆಯ ಹತ್ತಿರ ಇನ್ನೂ 1 ಅಡಿ. ನೂರಕ್ಕೆ ಒಂದು ಸಾಧ್ಯತೆಯ ಈ ಪ್ರವಾಹವನ್ನೇ ‘ನೂರು ವರ್ಷದ ಪ್ರವಾಹ’ ಎನ್ನುತ್ತಾರೆ. ಆ ಹೆಸರಿಟ್ಟ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಜನ ತಿಳಿಯುವುದು ಈ ಹೆಸರಿನಿಂದಲೇ. ಮೂವತ್ತು ವರ್ಷದ ಸಾಲ ತೀರುವುದರೊಳಗೆ ಒಮ್ಮೆಯಾದರೂ ಅದು ಬರುವ ಸಾಧ್ಯತೆ ನೂರಕ್ಕೆ 26. ನಿಮ್ಮ ರಾಜ್ಯಕ್ಕೇ ಈ ನೂರು ವರ್ಷದ ಮಟ್ಟ ಸಾಲದು ಅನ್ನಿಸಿತು. 2007ರ ಕಾನೂನಿನಲ್ಲಿ ಸ್ಯಾಕ್ರಮೆಂಟೊ ಸೇರಿದ ಸೆಂಟ್ರಲ್ ವ್ಯಾಲಿಯ ಪಟ್ಟಣಗಳಿಗೆ ಇನ್ನೂರು ವರ್ಷದ ಮಟ್ಟ ಕೇಳಿದೆ.

ಮಾಮೂಲಿ ಮನೆ ವಿಮೆಯಲ್ಲಿ ಪ್ರವಾಹ ಸೇರುವುದಿಲ್ಲ. ಕೇಂದ್ರದ ಪ್ರವಾಹ ಪಾಲಿಸಿಯಲ್ಲಿ ಕಟ್ಟಡಕ್ಕೆ ಹೆಚ್ಚೆಂದರೆ 2.5 ಲಕ್ಷ ಡಾಲರ್. ಒಳಗಿನ ಸಾಮಾನಿಗೆ 1 ಲಕ್ಷ, ಅದನ್ನು ಬೇರೆಯಾಗಿ ಕೇಳಿ ಪಡೆಯಬೇಕು, ಬಹಳ ಜನ ಇಲ್ಲೇ ಎಡವುತ್ತಾರೆ. ಮನೆ ಸಾಲದ ಜೊತೆಯಲ್ಲೇ ಮಾಡಿಸಿದರೆ ತಕ್ಷಣ ಜಾರಿ. ಆಮೇಲೆ ಮಾಡಿಸಿದರೆ 30 ದಿನ ಕಾಯಬೇಕು. ಟಿವಿಯಲ್ಲಿ ಮಳೆಯ ಎಚ್ಚರಿಕೆ ಬಂದ ದಿನ ಏಜೆಂಟರಿಗೆ ಫೋನ್ ಮಾಡಿ ಫಲವಿಲ್ಲ. ಮನೆ ತೆರಿಗೆ ಬಿಲ್ಲಿನಲ್ಲಿ ಲೆವೀ ಕೆಲಸದ ವಂತಿಗೆಯ ಸಾಲೂ ಇರುತ್ತದೆ, ತಿಂಗಳ ಖರ್ಚಿನ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಪ್ರಶ್ನೆ: ಮಲಪ್ರಭಾ ದಂಡೆಯ ನಮ್ಮೂರಿಗೆ 2009ರಲ್ಲೂ 2019ರಲ್ಲೂ ನೀರು ನುಗ್ಗಿತು. ಊರ ಸುತ್ತ ತಡೆಗೋಡೆ ಬೇಕು ಅಂತ ಒಂದು ಗುಂಪು, ನೆರೆ ಸಂತ್ರಸ್ತರಿಗೆ ಬೇರೆಡೆ ಕಟ್ಟಿಸಿದ ಆಸರೆ ಮನೆಗಳಿಗೆ ಹೋಗೋಣ ಅಂತ ಇನ್ನೊಂದು. ಗೋಡೆ ಕೇಳುವುದು ತಪ್ಪಾ?
– ಗ್ರಾಮ ಪಂಚಾಯಿತಿ ಸದಸ್ಯರು, ಬಾದಾಮಿ ತಾಲ್ಲೂಕು

ಕೇಳುವುದು ತಪ್ಪಲ್ಲ, ಬರೀ ‘ಗೋಡೆ ಬೇಕು’ ಎಂದು ಮನವಿ ಕೊಡುವುದು ತಪ್ಪು. ಮೊದಲು ಕೇಳಬೇಕಾದದ್ದು ಎಷ್ಟು ವರ್ಷದ ಪ್ರವಾಹಕ್ಕೆ ವಿನ್ಯಾಸ ಎಂದು. 1980ರಲ್ಲಿ ವರದಿ ಕೊಟ್ಟ ರಾಷ್ಟ್ರೀಯ ಪ್ರವಾಹ ಆಯೋಗ ಹೊಲಗದ್ದೆ ಹೆಚ್ಚಿರುವ ಕಡೆ 25 ವರ್ಷದ, ಪಟ್ಟಣಗಳಿಗೆ 100 ವರ್ಷದ ಪ್ರವಾಹವನ್ನು ಅಳತೆಯಾಗಿ ಹೇಳಿತು. ನಿಮ್ಮದು ಹಳ್ಳಿ, 25ರ ಲೆಕ್ಕವೇ ಸಿಗುವ ಸಂಭವ ಹೆಚ್ಚು. ಹಿಂದಿನ ಉತ್ತರದ ಗಣಿತವನ್ನೇ ಹಾಕಿದರೆ 25 ವರ್ಷದ ಗೋಡೆಯ ಮೇಲೆ ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ನೀರು ಹತ್ತುವ ಸಾಧ್ಯತೆ ನೂರಕ್ಕೆ 71. ಗೋಡೆ ನಂಬಿ ಹೊಳೆಯ ಮಗ್ಗುಲಲ್ಲೇ ಎರಡಂತಸ್ತು ಕಟ್ಟಿದವರಿಗೆ ಈ ಅಂಕಿ ಯಾರೂ ಹೇಳಿರುವುದಿಲ್ಲ.

ಆಮೇಲೆ ಒಳಗಿನ ನೀರು. ಹೊಳೆ ತುಂಬಿದ ದಿನವೇ ಊರೊಳಗೂ ಮಳೆ ಹೊಯ್ಯುತ್ತದೆ. ಹಳ್ಳ, ಚರಂಡಿ ಗೋಡೆ ದಾಟುವ ಕಡೆ ಹೊರಕ್ಕೆ ಮಾತ್ರ ತೆರೆಯುವ ಬಾಗಿಲಿನ ತೂಬು ಬೇಕು, ಜೊತೆಗೆ ಪಂಪು, ಪಂಪಿಗೆ ಡೀಸೆಲ್. ಆ ಬಾಗಿಲಿಗೆ ಒಂದು ಕೊಂಬೆ ಸಿಕ್ಕಿಕೊಂಡರೆ ಹೊಳೆಯೇ ಊರೊಳಗೆ ಬರುತ್ತದೆ. ಪ್ರತಿ ಮೇ ತಿಂಗಳು ಅದನ್ನು ಎತ್ತಿ ನೋಡುವವರು ಯಾರು ಎಂಬುದು ಅಂದಾಜುಪಟ್ಟಿಯಲ್ಲಿ ಬರೆದಿರಬೇಕು. ಗೋಡೆಯ ಎರಡೂ ತುದಿ ದಿಬ್ಬಕ್ಕೆ ಸೇರಬೇಕು, ಇಲ್ಲದಿದ್ದರೆ ನೀರು ಸುತ್ತಿ ಹಿಂದಿನಿಂದ ಬರುತ್ತದೆ. ಎದುರು ದಂಡೆಯ ಊರಿಗೆ ಎಷ್ಟು ನೀರು ಏರುತ್ತದೆ ಎಂಬ ಲೆಕ್ಕವನ್ನೂ ಕೇಳಿ, ಇವತ್ತು ನೀವು ಕೇಳದಿದ್ದರೆ ನಾಳೆ ಅವರು ಕೋರ್ಟಿನಲ್ಲಿ ಕೇಳುತ್ತಾರೆ.

ಇದನ್ನು ನೋಡದೆ ಕಿಲೋಮೀಟರುಗಟ್ಟಲೆ ಒಡ್ಡು ಹಾಕಿದ್ದು ಬಿಹಾರ. 1954ರಲ್ಲಿ ರಾಷ್ಟ್ರೀಯ ಪ್ರವಾಹ ನೀತಿ ಬಂದಾಗ ಅಲ್ಲಿದ್ದ ಒಡ್ಡು ಸುಮಾರು 160 ಕಿ.ಮೀ., ಪ್ರವಾಹಕ್ಕೆ ಸಿಗುವ ನೆಲ 25 ಲಕ್ಷ ಹೆಕ್ಟೇರ್. ನಾಲ್ಕು ದಶಕದಲ್ಲಿ ಒಡ್ಡು 3,400 ಕಿ.ಮೀ. ದಾಟಿತು, ಪ್ರವಾಹದ ನೆಲ 68 ಲಕ್ಷ ಹೆಕ್ಟೇರ್ ಮುಟ್ಟಿತು. ಕೋಸಿ ನದಿಯ ಹೂಳು ಹೊಲಕ್ಕೆ ಹರಡದೆ ಎರಡು ಒಡ್ಡುಗಳ ನಡುವೆಯೇ ಕೂತು ತಳ ಮೇಲೆದ್ದಿತು, ಹೊರಗಿನ ಮಳೆನೀರಿಗೆ ನದಿ ಸೇರುವ ದಾರಿ ಇಲ್ಲವಾಯಿತು. ನೂರಾರು ಹಳ್ಳಿಗಳು ಒಡ್ಡುಗಳ ನಡುವೆ, ನದಿಯ ಪಾಲಿಗೇ ಉಳಿದವು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾದಲ್ಲಿ ಒಡ್ಡು ಒಡೆದಾಗ ನದಿಯಲ್ಲಿದ್ದದ್ದು ಸುಮಾರು 1.44 ಲಕ್ಷ ಕ್ಯೂಸೆಕ್. ಒಡ್ಡು ತಡೆಯಬೇಕಿದ್ದದ್ದು 9.5 ಲಕ್ಷ.

ಆಸರೆ ಮನೆಗಳ ವಿಷಯದಲ್ಲಿ ಜನ ಹಟಮಾರಿಗಳು ಎನ್ನುವುದನ್ನು ನಾವು ಒಪ್ಪುವುದಿಲ್ಲ. ದನ ಕಟ್ಟಲು ಕೊಟ್ಟಿಗೆ ಇಲ್ಲ, ಮೇವಿನ ಬಣವೆಗೆ ಜಾಗ ಇಲ್ಲ, ಹೊಲ ದೂರ, ಕೈಯಲ್ಲಿ ಹಕ್ಕುಪತ್ರ ಇಲ್ಲ ಎಂದರೆ ಒಕ್ಕಲುತನದವರು ಹೇಗೆ ಹೋಗುತ್ತಾರೆ? ಸ್ಥಳಾಂತರಕ್ಕೆ ಒಪ್ಪುವುದಾದರೆ ಈ ನಾಲ್ಕನ್ನೂ ಠರಾವಿನಲ್ಲಿ ಬರೆಸಿ ಒಪ್ಪಿ. ಗೋಡೆಯೋ ಸ್ಥಳಾಂತರವೋ ಆಗುವತನಕ ಒಂದು ಕೆಲಸ ಮಾಡಿ: ನವಿಲುತೀರ್ಥ ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟಾಗ ನೀರು ಗುಡಿಯ ಎಷ್ಟನೇ ಮೆಟ್ಟಿಲಿಗೆ ಬಂತು, ಎಷ್ಟು ತಾಸಿಗೆ ಬಂತು ಎಂದು ಆ ಮೆಟ್ಟಿಲ ಮೇಲೇ ಬಣ್ಣದಲ್ಲಿ ಬರೆದಿಡಿ. ಮುಂದಿನ ಸಲ ಮೊಬೈಲಿನಲ್ಲಿ ಅಂಕಿ ಬಂದ ಕೂಡಲೇ ಯಾವ ಓಣಿ ಖಾಲಿ ಮಾಡಬೇಕೆಂದು ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಕೆರೆ ಕೋಡಿ ಬೀಳುವಾಗ ಅಚ್ಚುಕಟ್ಟಿನವರು ಕೋಡಿಯ ಮೇಲೆ ಒಂದಡಿ ಮರಳು ಚೀಲ ಪೇರಿಸುತ್ತಾರೆ. ಇಲಾಖೆಯವರು ಕಿತ್ತುಹಾಕುತ್ತಾರೆ. ಒಂದಡಿಗೆ ಏನಾಗುತ್ತದೆ?
– ಓದುಗರು, ಶಿರಾ

ಕೋಡಿಯಲ್ಲಿ ಹೋಗುವ ನೀರು ಅದರ ಮೇಲಿನ ಆಳದ ಒಂದೂವರೆ ಘಾತದಂತೆ ಏರಿಳಿಯುತ್ತದೆ. ಏರಿಗೆ ಅಪಾಯವಾಗದಂತೆ 3 ಅಡಿ ಆಳದ ನೀರು ಹರಿಯಬಲ್ಲ ಕೋಡಿಯಲ್ಲಿ ಒಂದಡಿ ಚೀಲ ಇಟ್ಟರೆ ಉಳಿಯುವುದು 2 ಅಡಿ, ಹರಿವು 100 ಇದ್ದದ್ದು 54ಕ್ಕೆ ಇಳಿಯುತ್ತದೆ. ಮಿಕ್ಕ ನೀರಿಗೆ ಏರಿಯ ನೆತ್ತಿಯೇ ದಾರಿ. ಮಣ್ಣಿನ ಏರಿಯ ಮೇಲೆ ನೀರು ಹರಿಯತೊಡಗಿದರೆ ಹಿಂಬದಿಯ ಇಳಿಜಾರು ಕೊರೆದುಹೋಗಲು ಕೆಲವೇ ಗಂಟೆ ಸಾಕು. ಕಿತ್ತುಹಾಕಿದವರು ಸರಿ. ಹೆಚ್ಚು ನೀರು ಬೇಕಿದ್ದರೆ ಹೂಳು ತೆಗೆಸಿ. 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟಿರುವ ಕೆರೆಯಾದರೆ ಜಿಲ್ಲಾ ಪಂಚಾಯಿತಿಗೆ, ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆಗೆ ಅರ್ಜಿ ಕೊಡಿ.

ಪ್ರಶ್ನೆ: ಏರಿಯ ಮೇಲಿನ ಜಾಲಿ ಕಡಿಸಬೇಕೋ ಬೇಡವೋ? ಬೇರು ಮಣ್ಣು ಹಿಡಿಯುತ್ತದಲ್ಲ?
– ಓದುಗರು, ಹಿರಿಯೂರು

ಸಸಿ ಇದ್ದಾಗಲೇ ಕಿತ್ತರೆ ತಂಟೆಯಿಲ್ಲ. ದೊಡ್ಡ ಮರವನ್ನು ಬುಡದಲ್ಲಿ ಕಡಿದು ಬಿಟ್ಟರೆ ಇರುವುದಕ್ಕಿಂತ ಕೆಡುಕು: ಬೇರು ಕೊಳೆತು ಏರಿಯೊಳಗೆ ಕೊಳವೆಯಾಗುತ್ತದೆ. ಬೇಸಿಗೆಯಲ್ಲಿ ನೀರು ತಳಕ್ಕಿಳಿದಾಗ ಬೊಡ್ಡೆ, ದಪ್ಪ ಬೇರು ಅಗೆದು ತೆಗೆಸಿ. ಗುಂಡಿಗೆ ಜಿಗುಟು ಮಣ್ಣನ್ನು ಹದವಾಗಿ ನೆನೆಸಿ ಅರ್ಧ ಅಡಿಯ ಪದರಗಳಲ್ಲಿ ದಮ್ಮಸ್ಸು ಮಾಡಿಸಿ, ಮೇಲೆ ಗರಿಕೆ ಬೆಳೆಸಿ. ಪೊದೆ ಹೋದರೆ ಹೆಗ್ಗಣದ ಬಿಲ ಕಣ್ಣಿಗೆ ಬೀಳುತ್ತದೆ, ಅದು ದೊಡ್ಡ ಲಾಭ. ಕತ್ರಿನಾ ನಂತರ ಅಮೆರಿಕದ ಸೇನಾ ಎಂಜಿನಿಯರರು ಲೆವೀಯ ಬುಡದಿಂದ 15 ಅಡಿಯವರೆಗೆ ಮರವೇ ಕೂಡದು ಎಂದರು. ನದಿದಂಡೆಯ ಕಾಡು ಅಳಿದುಳಿದಷ್ಟೇ ಇದ್ದ ಕ್ಯಾಲಿಫೋರ್ನಿಯಾ ಒಪ್ಪಲಿಲ್ಲ. ಕೆಳಗಿನ ಕೊಂಬೆ ಸವರಿ ನೆಲ ಕಾಣುವಂತೆ ಮಾಡುತ್ತೇವೆ, ಹಳೆಯ ಮರ ತಾನಾಗಿ ಸಾಯಲಿ ಎಂದಿತು. ಆ ಜಗಳ ನಿಮ್ಮ ಜಾಲಿಗೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಕೆರೆ ತುಂಬಿದಾಗ ಏರಿಯ ಹಿಂದಿನ ಗದ್ದೆಯಲ್ಲಿ ನೀರು ಬುಗ್ಗೆಯಂತೆ ಏಳುತ್ತದೆ. ಕಲ್ಲು, ಮಣ್ಣು ಹಾಕಿ ಮುಚ್ಚಬಹುದೇ?
– ನೀರುಗಂಟಿಯೊಬ್ಬರು, ಚನ್ನಗಿರಿ

ಮುಚ್ಚಬೇಡಿ. ಒಂದು ಕಡೆ ಮುಚ್ಚಿದರೆ ನೀರು ಪಕ್ಕದಲ್ಲಿ ಬಾಯಿ ತೆರೆಯುತ್ತದೆ. ಲೋಟದಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ಗೂಟ ನೆಟ್ಟು ಗುರುತು ಮಾಡಿ ದಿನಾ ಎರಡು ಸಲ ನೋಡುತ್ತಿರಿ. ಲೋಟದ ತಳದಲ್ಲಿ ಮರಳು ಕೂತರೆ, ಬುಗ್ಗೆಯ ಸುತ್ತ ಇರುವೆಗೂಡಿನಂತೆ ಗುಡ್ಡೆ ಬೆಳೆದರೆ, ಏರಿಯ ಅಡಿಯ ಮಣ್ಣು ಹೊರಬರುತ್ತಿದೆ ಎಂದರ್ಥ. ಆಗ ಬುಗ್ಗೆಯಿಂದ ಎರಡು ಮೂರು ಅಡಿ ಬಿಟ್ಟು ಸುತ್ತಲೂ ಚೀಲದ ಕಟ್ಟೆ ಕಟ್ಟಿ. ಚೀಲ ಮುಕ್ಕಾಲಿಗಿಂತ ಕಡಿಮೆ ತುಂಬಿರಲಿ. ಬಿಗಿಯಾಗಿ ತುಂಬಿದ ಚೀಲ ಕಲ್ಲಿನಂತೆ ಕೂತು ಸಂದು ಬಿಡುತ್ತದೆ. ಬಾಯಿ ಮಡಿಚಿ ಅಡಿಗೆ ಹಾಕಿ, ಇಟ್ಟಿಗೆಯಂತೆ ಸಂದು ತಪ್ಪಿಸಿ ಇಟ್ಟು, ಪ್ರತಿ ವರಸೆಯನ್ನೂ ತುಳಿಯಿರಿ. ಕಟ್ಟೆಯ ಬುಡದ ಅಗಲ ಎತ್ತರದ ಒಂದೂವರೆ ಪಟ್ಟಾದರೂ ಇರಲಿ. ಒಳಗೆ ನೀರು ಏರಿದಷ್ಟೂ ಬುಗ್ಗೆಯ ರಭಸ ತಗ್ಗುತ್ತದೆ. ಮರಳು ನಿಂತು ತಿಳಿನೀರು ಬರತೊಡಗಿದ ಎತ್ತರಕ್ಕೇ ನಿಲ್ಲಿಸಿ, ನೀರು ಹೊರಹೋಗಲು ಒಂದು ಕಡೆ ಬಾಯಿ ಬಿಡಿ. ಪೂರ್ತಿ ನಿಲ್ಲಿಸಲು ಹೋಗಬೇಡಿ, ಅಲ್ಲಿ ಕಾಲುವೆಯನ್ನೂ ತೋಡಬೇಡಿ. ಅಷ್ಟರಲ್ಲಿ ತೂಬು ಎತ್ತಿಸಿ ಎಂಜಿನಿಯರರಿಗೆ ಫೋನ್ ಮಾಡಿ. ಕಟ್ಟೆ ಕಟ್ಟಿದ ಮೇಲೂ ನೀರು ಕೆಂಪಗೇ ಬರುತ್ತಿದ್ದರೆ ಚೀಲ ಬಿಟ್ಟು ಕೆಳಗಿನ ಕೇರಿಯವರನ್ನು ಎಬ್ಬಿಸಿ.