ರಜೆಯ ದಿನ ಕರೆಸಿ ವಿಶ್ರಾಂತಿ ಕಲಿಸುವವರು

ದಾವಣಗೆರೆಯ ನರ್ಸಿಂಗ್ ಹೋಮ್ ಒಂದರಲ್ಲಿ ಸ್ಟಾಫ್ ನರ್ಸ್ ಆಗಿರುವ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ:

"ಸಾರ್, ಎಂಟು ಗಂಟೆ ಮಲಗಿ ಎದ್ದರೂ ಮೈ ಹಗುರ ಆಗಲ್ಲ. ಡ್ಯೂಟಿಗೆ ಹೊರಡೋ ಹೊತ್ತಿಗೆ ಎದೆ ಭಾರ. ಪೇಷೆಂಟ್ ಬೆಲ್ ಒತ್ತಿದರೆ ಸಿಟ್ಟು ಬರುತ್ತೆ. ಮೊದಲು ನಾನು ಹೀಗಿರಲಿಲ್ಲ. ಹೋದ ತಿಂಗಳು ಎಂಟನೇ ಬೆಡ್‌ನಲ್ಲಿದ್ದ ಅಜ್ಜಿ ಹೆಸರೇನು ಅಂತ ನಾನು ನೋಡಿದ್ದು ಡಿಸ್‌ಚಾರ್ಜ್ ದಿನ. ಎಷ್ಟು ಮಾಡಿದರೂ ಏನೂ ಮಾಡಿಲ್ಲ ಅನ್ಸುತ್ತೆ. ಅತ್ತೆ ದೃಷ್ಟಿ ತೆಗೀತಾರೆ. ಗೆಳತಿ ಶಿರೋಧಾರೆ ಪ್ಯಾಕೇಜ್ ತಗೋ ಅಂತಾಳೆ. ಮ್ಯಾನೇಜ್‌ಮೆಂಟ್‌ನವರು ಸ್ಟ್ರೆಸ್ ಶಿಬಿರ ಮಾಡಿಸಿದರು, ಅದೂ ನನ್ನ ವೀಕ್ಲಿ ಆಫ್ ದಿನ. ಇದು ಕಾಯಿಲೆನಾ, ನನ್ನ ಸೋಮಾರಿತನನಾ? ಎಣ್ಣೆ, ಉಸಿರಾಟ, ಅಶ್ವಗಂಧ ಇವುಗಳಿಂದ ಹೋಗುತ್ತಾ?"

ತಂಗೀ, ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಆ ಎಂಟನೇ ಬೆಡ್‌ನ ಅಜ್ಜಿ. ದಣಿವು ಯಾರಿಗಿಲ್ಲ? ಭದ್ರಾ ನಾಲೆಯ ಗದ್ದೆಗಳಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವ ಹೆಣ್ಣುಮಕ್ಕಳಿಗೂ ಇದೆ. ಉಂಡು ಮಲಗಿದರೆ ಅವರದು ಒಂದಿಷ್ಟಾದರೂ ಇಳಿಯುತ್ತದೆ. ನಿಮ್ಮದು ಇಳಿಯುತ್ತಿಲ್ಲ. ಅದರ ಮೇಲೆ, ರೋಗಿಗಳು ಮನುಷ್ಯರಾಗಿ ಕಾಣುವುದು ನಿಂತಿದೆ. ಮಾಡಿದ ಕೆಲಸ ಕೆಲಸವೆಂದೇ ಅನ್ನಿಸುತ್ತಿಲ್ಲ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಅವರ ಸಹೋದ್ಯೋಗಿ 1981ರಲ್ಲಿ ಬರ್ನ್‌ಔಟ್ (ಕೆಲಸದಲ್ಲೇ ಬೆಂದು ಬರಿದಾಗುವುದು) ಅಳೆಯಲು ಪ್ರಶ್ನಾವಳಿ ಮಾಡಿದಾಗ ಕೇಳಿದ್ದು ಇವೇ ಮೂರನ್ನು. ನೀವು ಅದನ್ನು ಓದದೆಯೇ ಮೂರಕ್ಕೂ ಉತ್ತರ ಬರೆದು ಕಳಿಸಿದ್ದೀರಿ. ಸೋಮಾರಿಗಳಿಗೆ ಇದು ಬರುವುದೂ ಕಡಿಮೆ. 1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಇದರ ಬಗ್ಗೆ ಬರೆದದ್ದು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಹಗಲುರಾತ್ರಿ ಮೈಮುರಿದು ದುಡಿಯುತ್ತಿದ್ದವರನ್ನು ನೋಡಿ. ಬರೆದ ಅವರೂ ಅಲ್ಲೇ ದುಡಿದು ಹಣ್ಣಾದವರು.

ಮೊದಲು ಒಂದು ಕೆಲಸ ಮಾಡಿ. ನರ್ಸಮ್ಮನಿಗೆ ನಾನು ಹೇಳಬೇಕಿಲ್ಲ, ಆದರೂ ಊರವರ ಬಿಪಿ ನೋಡುವವರು ತಮ್ಮ ರಕ್ತ ಕೊಡುವುದೇ ಇಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ನೋಡಿಸಿ. ರಜೆಯಲ್ಲಿ ತವರಿಗೆ ಹೋದಾಗಲೂ ಯಾವುದೂ ಹಿತವಾಗದೆ, ಬದುಕೇ ಬೇಡ ಎನಿಸಿದರೆ ಅದು ಖಿನ್ನತೆ ಇರಬಹುದು. ಆಗ ಎಣ್ಣೆ ಗಿಣ್ಣೆ ಬದಿಗಿಟ್ಟು ಮನೋವೈದ್ಯರಲ್ಲಿಗೆ ಹೋಗಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನು ನಿಮ್ಮ ಎಣ್ಣೆ, ಉಸಿರಾಟ. ಶಿರೋಧಾರೆಯಲ್ಲಿ ಸುಖವಿದೆ, ಅಲ್ಲಗಳೆಯುವುದಿಲ್ಲ. ಬೆಚ್ಚನೆಯ ಎಣ್ಣೆ ಹಣೆಯ ಮೇಲೆ ಇಳಿಯುವಾಗ ಯಾರಿಗೆ ಕಣ್ಣು ಮುಚ್ಚುವುದಿಲ್ಲ? ಆದರೆ ಸಾಲ ಮಾಡಿ ಪ್ಯಾಕೇಜ್ ಕೊಂಡರೆ ಕಂತು ತೀರಿಸಲು ಮತ್ತೆರಡು ನೈಟ್ ಹೆಚ್ಚು ಮಾಡಬೇಕಾದೀತು. ಅಶ್ವಗಂಧವನ್ನು ನಿರಪಾಯದ ಬೇರು ಎಂದುಕೊಳ್ಳಬೇಡಿ. ಥೈರಾಯ್ಡ್ ಮಾತ್ರೆ ನುಂಗುವವರು, ಬಸುರಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಕೊಟ್ಟದ್ದೂ ಇದೆ.

ಕಾಸು ಖರ್ಚಿಲ್ಲದ್ದು ಒಂದಿದೆ, ಸ್ನಾಯುಗಳನ್ನು ಬಿಗಿದು ಸಡಿಲಿಸುವ ಅಭ್ಯಾಸ. ಶಿಕಾಗೋದ ವೈದ್ಯ ಎಡ್ಮಂಡ್ ಜೇಕಬ್ಸನ್ 1920ರ ದಶಕದಲ್ಲಿ ರೂಪಿಸಿದ್ದು. ಡ್ಯೂಟಿ ರೂಮಿನ ಕುರ್ಚಿಯಲ್ಲಿ ಕೂತು, ಚಪ್ಪಲಿ ಬಿಟ್ಟು, ಬಲಗೈ ಮುಷ್ಟಿಯನ್ನು ಐದಾರು ಸೆಕೆಂಡು ಬಿಗಿಹಿಡಿಯಿರಿ. ಥಟ್ಟನೆ ಬಿಡಿ. ಬೆರಳುಗಳಲ್ಲಿ ಬಿಸಿ ಹರಿದಂತಾಗುತ್ತದೆ, ಅರ್ಧ ನಿಮಿಷ ಅದನ್ನೇ ಗಮನಿಸುತ್ತಿರಿ. ಆಮೇಲೆ ಎಡಗೈ. ಭುಜಗಳನ್ನು ಕಿವಿಯವರೆಗೆ ಎತ್ತಿ ಬಿಡಿ. ಹುಬ್ಬು ಗಂಟಿಕ್ಕಿ ಬಿಡಿ, ಹಲ್ಲು ಕಚ್ಚಿ ಬಿಡಿ, ಹೊಟ್ಟೆ, ತೊಡೆ, ಕೊನೆಗೆ ಮೀನಖಂಡ. ಅಲ್ಲಿ ಮಾತ್ರ ಜೋರು ಬೇಡ, ಸೆಳೆತ ಹಿಡಿಯುತ್ತದೆ. ದಿನವಿಡೀ ದವಡೆ ಬಿಗಿದುಕೊಂಡೇ ಓಡಾಡುತ್ತಿದ್ದೆ ಎಂದು ಎಷ್ಟೋ ಜನರಿಗೆ ಗೊತ್ತಾಗುವುದೇ ಅದನ್ನು ಸಡಿಲ ಬಿಟ್ಟಾಗ. ಉಸಿರು ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಉಸಿರು ಬಿಡುವಾಗ ಎದೆಬಡಿತ ತುಸು ಇಳಿಯುತ್ತದೆ, ಅದು ದೇಹದ ಸಹಜ ಧರ್ಮ. ದಿನಾ ಮಾಡಿದರೆ ನಿದ್ದೆಗೂ ಅನುಕೂಲ, ಕಳವಳಕ್ಕೂ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ವೀಕ್ಲಿ ಆಫ್ ದಿನ ಕರೆಸಿ ಶಿಬಿರ ಮಾಡಿದರು ಎಂದಿರಲ್ಲ, ಅಲ್ಲಿ ನನ್ನ ಪಿತ್ತ ನೆತ್ತಿಗೇರಿತು. ದಣಿವು ತಂದಿಡುವುದು ಡ್ಯೂಟಿ ಪಟ್ಟಿ, ಕಣ್ಣು ಮುಚ್ಚಿ ಉಸಿರು ಎಣಿಸಬೇಕಾದವರು ನೀವು! ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟವಾಗಿ ಹೇಳಿದೆ: ಬರ್ನ್‌ಔಟ್ ರೋಗಗಳ ಸಾಲಿಗೆ ಸೇರಿದ್ದಲ್ಲ, ಕೆಲಸದ ಜಾಗದಲ್ಲಿ ಬಹುಕಾಲ ತೀರದೆ ಉಳಿದ ಒತ್ತಡದಿಂದ ಬರುವಂಥದ್ದು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರಲ್ಲ, ಆ ಅಸಲಿ ಮ್ಯಾಂಚೆಸ್ಟರ್‌ನ ವಿಶ್ವವಿದ್ಯಾಲಯದ ಸಂಶೋಧಕರು ವೈದ್ಯರ ಬರ್ನ್‌ಔಟ್ ತಗ್ಗಿಸಲು ನಡೆದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ 2017ರಲ್ಲಿ ಪ್ರಕಟಿಸಿದರು. ಒಬ್ಬೊಬ್ಬರಿಗೆ ಧ್ಯಾನ, ತರಬೇತಿ ಕೊಟ್ಟಾಗ ಆದ ಉಪಯೋಗಕ್ಕಿಂತ ಆಸ್ಪತ್ರೆಯೇ ಕೆಲಸದ ಕ್ರಮ ಬದಲಿಸಿದಾಗ ಆದದ್ದು ಹೆಚ್ಚು ಎಂದು ಕಂಡಿತ್ತು.

ಆಸ್ಪತ್ರೆ ನಡೆಸುವವರಿಗೂ ಕಷ್ಟವಿದೆ, ಒಪ್ಪಿದೆ. ಕಲಿತ ನರ್ಸ್‌ಗಳು ಗಲ್ಫ್ ವಿಮಾನ ಹತ್ತುತ್ತಾರೆ, ಉಳಿದವರ ಮೇಲೆ ಭಾರ ಬೀಳುತ್ತದೆ. ಆದರೆ ಉಳಿದವರನ್ನು ಹೀಗೆ ದುಡಿಸಿದರೆ ಅವರೂ ಪಾಸ್‌ಪೋರ್ಟ್ ಮಾಡಿಸದೆ ಇರುತ್ತಾರೆಯೇ?

ನಮ್ಮ ಸೀಮೆಯ ರೈತ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಿತ್ತನೆಯ ಹದ ಕೈತಪ್ಪುವಂತಿದ್ದರೂ ಹಿಂದಿನವರು ಹೂಡುತ್ತಿರಲಿಲ್ಲ. ಬಸವಣ್ಣನಿಗೆ ಸಿಕ್ಕ ಈ ಸೋಮವಾರ ನರ್ಸಮ್ಮನಿಗೆ, ಖಾಸಗಿ ಶಾಲೆಯ ಮೇಷ್ಟ್ರಿಗೆ, ಸಾಲ ವಸೂಲಿಗೆ ಬೈಕ್ ಓಡಿಸುವ ಹುಡುಗನಿಗೆ ಏಕಿಲ್ಲ? ಹತ್ತಿ ಗಿರಣಿಗಳಿದ್ದಾಗ ಸೈರನ್ ಕೂಗಿದರೆ ಪಾಳಿ ಮುಗಿಯಿತು ಎಂದು ಊರಿಗೇ ಗೊತ್ತಾಗುತ್ತಿತ್ತು. ಧೂಳು ಕುಡಿದು ಕೆಮ್ಮುವ ಆ ಕೆಲಸವನ್ನು ನಾನು ಹೊಗಳುತ್ತಿಲ್ಲ. ಆದರೂ 1948ರ ಕಾರ್ಖಾನೆ ಕಾಯ್ದೆಯಲ್ಲಿ ವಾರಕ್ಕೆ 48 ಗಂಟೆ ಎಂದು ಬರೆದಿತ್ತು. 2023ರಲ್ಲಿ ಎನ್.ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಚಪ್ಪಾಳೆ ತಟ್ಟಿದವರು ಕಮ್ಮಿ ಇರಲಿಲ್ಲ. ಈಗ ರಾತ್ರಿ ಹತ್ತಕ್ಕೂ ವಾಟ್ಸ್ಆ್ಯಪ್‌ನಲ್ಲಿ "ನಾಳೆ ಮಾರ್ನಿಂಗ್ ಬನ್ನಿ" ಎಂದು ಬರುತ್ತದೆ, ಉತ್ತರ ಕೊಡದಿದ್ದರೆ ಆಟಿಟ್ಯೂಡ್ ಎನ್ನುತ್ತಾರೆ.

ನಿಮ್ಮನ್ನೂ ಸ್ವಲ್ಪ ಗದರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಶಿಬಿರಕ್ಕೆ ನೀವೆಲ್ಲ ಸುಮ್ಮನೆ ಹೋಗಿ ಕೂತಿರಿ. ಒಬ್ಬರಾದರೂ ಎದ್ದು "ಇದರ ಬದಲು ರಜೆ ಯಾವಾಗ?" ಎಂದು ಕೇಳಬೇಕಿತ್ತು. ಅತ್ತೆಯವರನ್ನು ತಡೆಯಬೇಡಿ, ಅವರು ದೃಷ್ಟಿ ತೆಗೆಯುವ ಹೊತ್ತಿನಲ್ಲಾದರೂ ನೀವು ಒಂದು ಕಡೆ ಕೂರುತ್ತೀರಲ್ಲ. ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಹಾಕುವ ಮೊದಲು ನಾಲ್ಕೈದು ಜನ ಸೇರಿ ಒಂದು ಅರ್ಜಿ ಕೊಡಿ. ನೈಟ್ ಸರದಿ ಮುಗಿದ ಮೇಲೆ ಒಂದು ಪೂರ್ತಿ ದಿನ ಬಿಡುವು, ಆಫ್ ದಿನ ಫೋನ್ ಇಲ್ಲ, ಶಿಬಿರವೇನಿದ್ದರೂ ಡ್ಯೂಟಿ ಹೊತ್ತಿನಲ್ಲಿ. ಒಬ್ಬರೇ ಸಹಿ ಹಾಕಬೇಡಿ, ಎಲ್ಲರೂ ಹಾಕಿ. ಕರಡು ಬೇಕಾದರೆ ಸಂಜೆ ಐದರ ಮೇಲೆ ನಮ್ಮ ಕಚೇರಿಗೆ ಬನ್ನಿ, ಕೂತು ಬರೆಯೋಣ. ಮಿರ್ಚಿ ಮಂಡಕ್ಕಿ ನನ್ನ ಲೆಕ್ಕ.

– ಸಂ.